ಬಯಲಿನ ಜಮಾಖರ್ಚು

ಪಂಚನಹಳ್ಳಿಯ ಹೆಸರನ್ನು ಯಾರೂ ಬೇಲೂರು, ಹಳೇಬೀಡುಗಳ ಜೊತೆ ಒಂದೇ ಉಸಿರಿನಲ್ಲಿ ಹೇಳುವುದಿಲ್ಲ. ಕಡೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ, ತೆಂಗು ರಾಗಿಗಳ ಬಯಲುಸೀಮೆ, ಮಳೆ ಕೈಕೊಟ್ಟ ವರ್ಷ ಬರದ ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ನಾಡು. ಬೆಂಗಳೂರಿನಿಂದ ಮಲೆನಾಡಿಗೆ ಹೊರಟವರು ಅರಸೀಕೆರೆ ದಾಟಿ, ಬಾಣಾವರ ದಾಟಿ, ಕಡೂರಿನಲ್ಲೋ ಬೀರೂರಿನಲ್ಲೋ ಕಾಫಿ ಕುಡಿದು ಮುಂದಕ್ಕೆ ಹೋಗುತ್ತಾರೆ. ತರೀಕೆರೆಯ ಹತ್ತಿರ ಬೆಟ್ಟದ ಸಾಲು ಕಣ್ಣಿಗೆ ಬಿದ್ದಾಗ ನೋಡುವಂಥದ್ದು ಇನ್ನು ಶುರುವಾಯಿತು ಎಂದುಕೊಳ್ಳುತ್ತಾರೆ. ನಡುವೆ ಬಿಟ್ಟುಬಂದ ಬಯಲು ಅವರ ಲೆಕ್ಕಕ್ಕೆ ಬರುವುದಿಲ್ಲ. ಅದು ಲೆಕ್ಕಕ್ಕೆ ಬರಬೇಕು ಎಂಬುದು ಈ ಲೇಖನದ ವಾದ. ರಾಜಧಾನಿಗಳಲ್ಲಿ ನಮಗೆ ಕಾಣುವುದು ಒಂದು ರಾಜ್ಯದ ಖರ್ಚು. ಆ ಖರ್ಚಿಗೆ ಜಮೆ ಎಲ್ಲಿಂದ ಬಂತು, ಅದನ್ನು ಯಾರು ಕೂಡಿಸಿದರು, ಯಾರು ಕಾದರು ಎಂಬುದನ್ನು ನೋಡಬೇಕಾದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಈ ಬಯಲಿಗೇ ಬರಬೇಕು. ಇಲ್ಲಿನ ಗುಡಿ, ಕೆರೆ, ಕಾವಲುಗಳನ್ನು (ದನಕ್ಕೆ ಮೀಸಲಾದ ಹುಲ್ಲುಗಾವಲುಗಳನ್ನು) ಮೂರು ಬೇರೆ ಬೇರೆ ನೋಟಗಳಾಗಿ ನೋಡಿದರೆ ಮೂರೂ ಸಾಧಾರಣವಾಗಿ ಕಾಣುತ್ತವೆ. ಒಂದೇ ಕಡತದ ಮೂರು ಹಾಳೆಗಳೆಂದು ಓದಿದರೆ ಸಾವಿರ ವರ್ಷಗಳ ಆಡಳಿತ ಅವುಗಳಲ್ಲಿ ತೆರೆದುಕೊಳ್ಳುತ್ತದೆ.

ಖರ್ಚನ್ನು ಮಾತ್ರ ನೋಡಿ ಹಿಂತಿರುಗುವ ಅಭ್ಯಾಸ ನಮ್ಮವರಿಗೆ ಮಾತ್ರ ಇರುವುದಲ್ಲ. ಟರ್ಕಿಯ ಪಶ್ಚಿಮದಲ್ಲಿರುವ ಸೆಲ್ಚುಕ್ ಎಂಬ ಚಿಕ್ಕ ಪಟ್ಟಣಕ್ಕೆ ಜನ ಹೋಗುವುದು ಪಕ್ಕದ ಎಫೆಸಸ್ ನೋಡಲಿಕ್ಕೆ. ಅಲ್ಲಿ ಎಲ್ಲರ ಕಣ್ಣೂ ಸೆಲ್ಸಸ್ ಗ್ರಂಥಾಲಯದ ಅಮೃತಶಿಲೆಯ ಮುಂಗೋಡೆಯ ಮೇಲೆ. ರೋಮನ್ ಅಧಿಕಾರಿಯೊಬ್ಬನ ನೆನಪಿಗೆ ಅವನ ಮಗ 2ನೇ ಶತಮಾನದಲ್ಲಿ ಕಟ್ಟಿಸಿದ ಕಟ್ಟಡ ಅದು. ಆದರೆ ಆ ಮಹಾನಗರ ಏಕೆ ಬೆಳೆಯಿತು, ಏಕೆ ಬಿದ್ದಿತು ಎಂಬುದಕ್ಕೆ ಉತ್ತರ ಸಿಗುವುದು ಬಂದರಿಗೆ ಹೋಗುತ್ತಿದ್ದ ಅಗಲವಾದ ಕಲ್ಲುಹಾಸಿನ ಬೀದಿಯ ತುದಿಯಲ್ಲಿ. ಬೀದಿ ಮುಗಿಯುವ ಕಡೆ ಈಗ ಸಮುದ್ರವಿಲ್ಲ, ಜೊಂಡು ಬೆಳೆದ ಜೌಗು ನೆಲವಿದೆ. ನದಿ ತಂದು ಸುರಿದ ಹೂಳಿನಿಂದ ಬಂದರು ತುಂಬಿತು, ಕಡಲು ಮೈಲಿಗಟ್ಟಲೆ ಹಿಂದೆ ಸರಿಯಿತು, ವ್ಯಾಪಾರ ನಿಂತಿತು, ಜನ ಬಿಟ್ಟುಹೋದರು. ಗ್ರಂಥಾಲಯ ಆ ಊರಿನ ಖರ್ಚು, ಹೂಳು ತುಂಬಿದ ಬಂದರು ಅದರ ಜಮೆ. ಕಡೂರಿನ ಬಯಲಿನಲ್ಲಿ ಬಂದರಿನ ಜಾಗದಲ್ಲಿ ಕೆರೆಗಳಿವೆ, ಹಡಗಿನ ಜಾಗದಲ್ಲಿ ಎತ್ತುಗಳಿವೆ. ಇಷ್ಟು ಹೋಲಿಕೆ ಸಾಕು, ಮುಂದಿನದನ್ನು ಈ ನೆಲವೇ ಹೇಳಬೇಕು.

ಮೊದಲು ಬರುವ ಆಕ್ಷೇಪ ಇದು: ಈ ಬಯಲಿಗೆ ಚರಿತ್ರೆ ಬಂದದ್ದೇ ಹೊಯ್ಸಳರಿಂದ, ಅವರು ತಮ್ಮ ರಾಜಧಾನಿ ದೋರಸಮುದ್ರದಿಂದ, ಅಂದರೆ ಇಂದಿನ ಹಳೇಬೀಡಿನಿಂದ, ಕಳಿಸಿದ ಬೆಳಕಿನಲ್ಲಿ ಇದು ಸ್ವಲ್ಪ ಹೊಳೆಯಿತು, ಅಷ್ಟೆ. ಕಡೂರಿನ ಒಂದು ಕಂಬ ಈ ಮಾತನ್ನು ಒಪ್ಪುವುದಿಲ್ಲ. ಅದರ ಮೇಲಿನ ಶಾಸನ 971ರದು. ಹೊಯ್ಸಳರು ಆಗಿನ್ನೂ ಮಲೆಯ ಅಂಚಿನ ಸಣ್ಣ ನಾಯಕರು. ಶಾಸನ ಹೇಳುವುದು ಪಾಂಬಬ್ಬೆ ಎಂಬ ಹೆಣ್ಣುಮಗಳ ವಿಷಯ. ಆಕೆ ಗಂಗರ ಬೂತುಗನ ಅಕ್ಕ, ಪಡಿಯರ ದೋರಪಯ್ಯನ ಹೆಂಡತಿ. ಅರಮನೆಯ ನಂಟಿದ್ದ ಈ ಹೆಂಗಸು ತಲೆಗೂದಲು ಕಿತ್ತುಕೊಂಡು ಜೈನ ಸನ್ಯಾಸಿನಿಯಾಗಿ 30 ವರ್ಷ ತಪಸ್ಸು ಮಾಡಿ, ವ್ರತದಲ್ಲೇ ದೇಹ ಬಿಟ್ಟಳು. ತಮ್ಮನ ಹೆಸರನ್ನು ಚರಿತ್ರೆಯ ಪುಸ್ತಕಗಳೆಲ್ಲ ಬಲ್ಲವು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ನಿಂತು ಚೋಳರ ರಾಜಾದಿತ್ಯನನ್ನು ಕೊಂದವನು ಅವನು. ಅಕ್ಕನ ಹೆಸರನ್ನು ಉಳಿಸಿಕೊಟ್ಟದ್ದು ಕಡೂರಿನ ಈ ಕಂಬ. 30 ವರ್ಷ ಎಂಬ ಲೆಕ್ಕ ಹಿಡಿದು ಹಿಂದಕ್ಕೆ ಎಣಿಸಿದರೆ ಆಕೆ ತಪಸ್ಸಿಗೆ ಕುಳಿತದ್ದು ತಕ್ಕೋಲದ ಯುದ್ಧಕ್ಕೂ ಮೊದಲು. ತಮ್ಮ ಕತ್ತಿ ಹಿಡಿದು ಬಡಗಣ ತಮಿಳುನಾಡಿನಲ್ಲಿದ್ದಾಗ ಅಕ್ಕ ಆಗಲೇ ಎಲ್ಲವನ್ನೂ ಬಿಟ್ಟು ಕೂತಿದ್ದಳು. ಇಂಥವಳ ನೆನಪಿಗೆ ಒಂದು ಊರಿನಲ್ಲಿ ಕಂಬ ನಿಲ್ಲಬೇಕಾದರೆ ಆ ಊರಿಗೆ ಶಾಸನ ಬರೆಯುವವರ, ಕೆತ್ತುವವರ, ಓದುವವರ ಬಳಗ ಇರಬೇಕು. ಸನ್ಯಾಸಿನಿಯರ ಹೊಟ್ಟೆಗೆ ಹಾಕುವಷ್ಟು ಧಾನ್ಯ ಮಿಗುವ ಹೊಲಗಳಿರಬೇಕು. ಹೊಯ್ಸಳರು ಬರುವ ಮೊದಲೇ ಈ ನೆಲಕ್ಕೆ ಮಿಗುತಾಯ ಇತ್ತು. ಹತ್ತಿರದ ಆಸಂದಿಯೂ ಅದನ್ನೇ ಹೇಳುತ್ತದೆ. ದೊಡ್ಡ ಗಂಗರಾಜ್ಯ ಮುಳುಗಿದ ಮೇಲೂ ಗಂಗರ ಒಂದು ಕವಲು ಆಸಂದಿನಾಡಿನಲ್ಲಿ ಹೊಯ್ಸಳರ ಸಾಮಂತರಾಗಿ ಉಳಿಯಿತು. ಬಡವಾದ ನಾಡು ಸಾಮಂತರ ಮನೆತನವನ್ನು ತಲೆಮಾರುಗಟ್ಟಲೆ ಸಾಕಲಾರದು.

ಈಗ ಅಮೃತಾಪುರಕ್ಕೆ ಬರೋಣ, ಏಕೆಂದರೆ ಈ ಸೀಮೆಯಲ್ಲಿ ನಿಂತು ನೋಡಬೇಕಾದ ಗುಡಿ ಎಂದರೆ ಮೊದಲು ಅದೇ. ತರೀಕೆರೆಯ ಹತ್ತಿರದ ಈ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಕಟ್ಟಿಸಿದವನು ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ. ಒಂದೇ ಗರ್ಭಗುಡಿಯ ಏಕಕೂಟ, ಅದಕ್ಕೆ ಸೇರಿದ ಮುಚ್ಚಿದ ನವರಂಗ, ಅದರ ಮುಂದೆ 29 ಅಂಕಣಗಳ ವಿಶಾಲವಾದ ತೆರೆದ ಮಂಟಪ. ಶಿಖರ ಮೂಲದ್ದೇ ಉಳಿದಿದೆ, ಸುಕನಾಸಿಯ ಮೇಲೆ ಸಳ ಸಿಂಹದೊಡನೆ ಹೋರಾಡುವ ಲಾಂಛನವೂ ಇದೆ. ಬೇಲೂರಿನಲ್ಲಿ ಕಣ್ಣು ತಂಗಲು ಜಾಗವೇ ಸಿಗದಷ್ಟು ಕುಸುರಿ. ಇಲ್ಲಿ ಹಾಗಿಲ್ಲ, ನಯ ಮಾಡಿದ ಬಳಪದ ಕಲ್ಲಿನ ಕಂಬಗಳಿಗೆ ತಮ್ಮಷ್ಟಕ್ಕೆ ತಾವು ನಿಲ್ಲುವ ಬಿಡುವು ಸಿಕ್ಕಿದೆ. ತೆರೆದ ಮಂಟಪದ ಹೊರಗಿನ ಕೈಪಿಡಿ ಗೋಡೆಯ ಮೇಲೆ 140 ಫಲಕಗಳಿವೆ. ತೆಂಕಣ ಬದಿಯ 70ರಲ್ಲಿ ರಾಮಾಯಣ. ಬಡಗಣ ಬದಿಯಲ್ಲಿ 25 ಫಲಕ ಕೃಷ್ಣನ ಕಥೆಗೆ, ಉಳಿದ 45 ಮಹಾಭಾರತಕ್ಕೆ. ರಾಮಾಯಣದ ಫಲಕಗಳು ಅಪ್ರದಕ್ಷಿಣವಾಗಿ ಸಾಗುತ್ತವೆ, ಹೊಯ್ಸಳ ಗುಡಿಗಳಲ್ಲಿ ಇದು ಅಪರೂಪ. ಬಡಗಣದವು ವಾಡಿಕೆಯಂತೆ ಪ್ರದಕ್ಷಿಣವಾಗಿಯೇ ಇವೆ. ಇದನ್ನು ಶಿಲ್ಪಿಗಳ ಎಡವಟ್ಟು ಎಂದುಕೊಳ್ಳುವವರು ಎರಡು ಬದಿಗಳನ್ನೂ ಒಟ್ಟಿಗೆ ನೋಡಬೇಕು. ಆಗ ಎರಡು ಕಥೆಗಳೂ ಪಡುವಣದಿಂದ ಮೂಡಣಕ್ಕೆ ಜೊತೆಜೊತೆಯಾಗಿ ಹರಿಯುವುದು ತಿಳಿಯುತ್ತದೆ. ಪ್ರದಕ್ಷಿಣೆ ಬರುವವನಿಗೆ ಪಟ್ಟಾಭಿಷೇಕದ ಕಡೆಯಿಂದ ಕಥೆ ಹಿಂದುಮುಂದಾಗಿ ಸಿಗುತ್ತದೆ ನಿಜ. ಗುಡಿಯನ್ನು ಇಡಿಯಾಗಿ ಕಲ್ಪಿಸಿದವನ ಮನಸ್ಸಿನಲ್ಲಿ ಮಾತ್ರ ಅವು ಒಂದು ಜೋಡಿ. ಯೋಚಿಸಿ ಮಾಡಿದ ಕೆಲಸ ಅದು ಎಂದೇ ನನ್ನ ನಂಬಿಕೆ.

ಗುಡಿಗೆ ಹಣ ಹಾಕಿದವನ ಹೆಸರನ್ನು ಇನ್ನೊಮ್ಮೆ ಗಮನಿಸಿ. ಹಳೇಬೀಡಿನ ಹೊಯ್ಸಳೇಶ್ವರವನ್ನು 1121ರಲ್ಲಿ ಕಟ್ಟಿಸಿದವನೂ ಒಬ್ಬ ಅಧಿಕಾರಿಯೇ, ಕೇತಮಲ್ಲ. ಅವನು ದೇವರಿಗೆ ಇಟ್ಟದ್ದು ತನ್ನ ದೊರೆಯ ಹೆಸರು. ಮುಕ್ಕಾಲು ಶತಮಾನ ಕಳೆಯುವ ಹೊತ್ತಿಗೆ ಅಮೃತೇಶ್ವರ ದಂಡನಾಯಕ ದೇವರಿಗೂ ಊರಿಗೂ ತನ್ನ ಹೆಸರನ್ನೇ ಇಟ್ಟ. ಇನ್ನೂ ಮುಂದೆ, 13ನೇ ಶತಮಾನದಲ್ಲಿ, ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಿನ ಸೋಮನಾಥಪುರವನ್ನು ಕಟ್ಟಿದ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರಗಳಲ್ಲಿ ದೊರೆಯೇ ನಿಂತು ಕಟ್ಟಿಸಿದ್ದು ಬೇಲೂರು ಒಂದೇ. ಹಾಗಾದರೆ ಆ ಕಾಲದ ಸಂಪತ್ತು ಅರಮನೆಯ ಬೊಕ್ಕಸದಲ್ಲಿ ಮಾತ್ರ ಇರಲಿಲ್ಲ, ನಾಡುಗಳನ್ನು ನೋಡಿಕೊಳ್ಳುತ್ತಿದ್ದ ಎರಡನೆಯ ಸಾಲಿನವರ ಕೈಯಲ್ಲೂ ಇತ್ತು. ಅಮೃತಾಪುರದ ಗುಡಿ ಎದ್ದ ಹೊತ್ತಿಗೆ ವೀರಬಲ್ಲಾಳ ಬಡಗಣಕ್ಕೆ ಕೈಚಾಚಿದ್ದ. ಸೇವುಣರ ಭಿಲ್ಲಮನನ್ನು ಸೊರಟೂರಿನಲ್ಲಿ ಸೋಲಿಸಿ, ಲಕ್ಕುಂಡಿಯವರೆಗೆ ಹೋಗಿ ನೆಲೆ ಮಾಡಿದ್ದ. ದೋರಸಮುದ್ರದಿಂದ ಬಡಗಣಕ್ಕೆ ಗೆರೆ ಎಳೆದರೆ ಮಲೆಯ ಮಗ್ಗುಲಿನ ಈ ಬಯಲು ಎದುರಾಗುತ್ತದೆ. ದಂಡಿಗೆ ಬೇಕಾದ ದವಸ, ಹುಲ್ಲು, ನೀರು ಮೂರೂ ಇದ್ದ ನೆಲ. ಅಂಥ ಕಡೆ ದಂಡನಾಯಕನೊಬ್ಬನ ಹೆಸರು ಊರಾಗಿ ನಿಂತದ್ದು ಆಕಸ್ಮಿಕ ಎನ್ನಲಾರೆ. ಅಮೃತಾಪುರದ ಗುಡಿಯೂ ಖರ್ಚೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಖರ್ಚೇ. ಆದರೆ ಜಮೆ ಆದ ಜಾಗದ ಪಕ್ಕದಲ್ಲೇ ಆದ ಖರ್ಚು. ರಾಜಧಾನಿಯ ಗುಡಿಯ ಎದುರು ನಿಂತವನಿಗೆ ಅದರ ಹಿಂದಿನ ಹೊಲ ಕಾಣುವುದಿಲ್ಲ, ಇಲ್ಲಿ ಪ್ರಾಕಾರ ದಾಟಿದರೆ ಹೊಲವೇ.

ಅಮೃತಾಪುರದ ಶಾಸನವನ್ನು ರಚಿಸಿದವನು ಕವಿ ಜನ್ನ. ಅವನು 'ಯಶೋಧರ ಚರಿತೆ' ಬರೆದು ಮುಗಿಸಿದ್ದು 1209ರಲ್ಲಿ, 'ಅನಂತನಾಥ ಪುರಾಣ' 1230ರಲ್ಲಿ. ಅಂದರೆ ಅವನ ದೊಡ್ಡ ಕಾವ್ಯಗಳಿಗಿಂತ ಮೊದಲಿನ ಬರವಣಿಗೆ ಈ ಕಲ್ಲಿನ ಮೇಲಿದೆ. ಜೈನ ಕವಿ ಶಿವಾಲಯಕ್ಕೆ ಶಾಸನ ಬರೆದುಕೊಟ್ಟ ಎಂಬುದು ಆ ಕಾಲಕ್ಕೆ ವಿಶೇಷವಲ್ಲ, ನಮ್ಮ ಕಾಲಕ್ಕೆ ನೆನಪಿಡಬೇಕಾದ ಸಂಗತಿ. ಮಂಟಪದ ಭುವನೇಶ್ವರಿಗಳಲ್ಲಿ, ಅಂದರೆ ಗುಮ್ಮಟದಂತೆ ಒಳಸರಿದ ಮಾಳಿಗೆಯ ಕೆತ್ತನೆಗಳಲ್ಲಿ, ಕೆಲಸ ಮಾಡಿದವನು ರೂವಾರಿ ಮಲ್ಲಿತಮ್ಮ. ಅವನ ಹೆಸರು ಮುಂದೆ ನುಗ್ಗೇಹಳ್ಳಿಯಲ್ಲಿ, ಪಂಚನಹಳ್ಳಿಗೆ ನೆರೆಯಾದ ಅರಸೀಕೆರೆ ಸೀಮೆಯ ಹಾರನಹಳ್ಳಿಯಲ್ಲಿ, ಕೊನೆಗೆ ಸೋಮನಾಥಪುರದಲ್ಲಿ ಸಿಗುತ್ತದೆ. 1196ರಿಂದ ಸೋಮನಾಥಪುರದವರೆಗೆ 60 ವರ್ಷಕ್ಕೂ ಮಿಕ್ಕಿದ ಕಾಲ. ಒಬ್ಬನೇ ಮನುಷ್ಯ ಅಷ್ಟು ಕಾಲ ಉಳಿ ಹಿಡಿದಿರಲು ಸಾಧ್ಯವೇ ಎಂದು ಅನುಮಾನಿಸುವವರ ಅನುಮಾನ ನ್ಯಾಯವಾದದ್ದು. ಅದು ಒಬ್ಬನ ಹೆಸರಾಗಿರಬಹುದು, ಅಜ್ಜನ ಹೆಸರು ಮೊಮ್ಮಗನಿಗೆ ಬಂದಿರಬಹುದು, ಒಂದು ಕೈಕಸುಬಿನ ಮನೆಗೇ ಹೆಸರಾಗಿ ನಿಂತಿರಬಹುದು. ಯಾವುದೇ ಆದರೂ ನನ್ನ ಮಾತಿಗೆ ಬಾಧೆಯಿಲ್ಲ. ಕವಿಯ ಕೈ, ಶಿಲ್ಪಿಯ ಕೈ ಎರಡೂ ಮೊದಲು ಪಳಗಿದ ಜಾಗಗಳಲ್ಲಿ ಇದೊಂದು. ಲೋಕ ಮೆಚ್ಚಿದ ಸೋಮನಾಥಪುರದ ಮಾಳಿಗೆಗೆ ಮೊದಲ ಕರಡು ತರೀಕೆರೆಯ ಬಯಲಿನಲ್ಲಿದೆ.

ಜಮೆಯ ಮೊದಲ ಬಾಬತ್ತು ನೀರು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇರುವ ಬೆಟ್ಟಸಾಲು ಮಳೆಯನ್ನು ತನ್ನ ಕಡೆಗೆ ಹಿಡಿದುಕೊಂಡು ಮೂಡಣ ಬಯಲಿಗೆ ಉಳಿಕೆಯನ್ನಷ್ಟೇ ಬಿಡುತ್ತದೆ. ಆ ಉಳಿಕೆಯನ್ನು ಬೆಟ್ಟದ ಬುಡದಲ್ಲೇ ಹಿಡಿದಿಟ್ಟವು ಎರಡು ಕೆರೆಗಳು: ಸಖರಾಯಪಟ್ಟಣದ ಕಡೆಯ ಅಯ್ಯನಕೆರೆ, ಎಮ್ಮೆದೊಡ್ಡಿಯ ಕಡೆಯ ಮದಗದಕೆರೆ. ಅಯ್ಯನಕೆರೆಯ ಕಡೆಯಿಂದ ವೇದಾ, ಮದಗದಕೆರೆಯ ಕಡೆಯಿಂದ ಅವತಿ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅದೇ ನೀರು ಮುಂದೆ ಹಿರಿಯೂರಿನ ಮಾರಿಕಣಿವೆಗೆ, ಅಂದರೆ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಆ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಈ ಕಣಿವೆಯಲ್ಲಿ ನೀರು ಎಷ್ಟು ತೂಗಿ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಗಿರುವಾಗ ಬೆಟ್ಟದ ಬುಡದಲ್ಲಿ ಏರಿ ಕಟ್ಟಿ, ತೂಬು ಇಟ್ಟು, ಅಚ್ಚುಕಟ್ಟಿಗೆ ಸರದಿ ಹಾಕಿದವರು ಗುಡಿ ಕಟ್ಟಿದವರಿಗಿಂತ ದೊಡ್ಡ ಕೆಲಸ ಮಾಡಿದರು ಎಂದರೆ ತಪ್ಪಲ್ಲ. ಗುಡಿ ಬಿದ್ದರೆ ಊರಿಗೆ ನೋವು, ಏರಿ ಒಡೆದರೆ ಊರೇ ಇಲ್ಲ.

ಏರಿ ಒಡೆಯುವ ಭಯ ಅಯ್ಯನಕೆರೆಯ ಕಥೆಯಲ್ಲಿ ಉಳಿದುಕೊಂಡಿದೆ. ಕೆರೆಯ ನೀರುಗಂಟಿ ಹೊನ್ನಬಿಲ್ಲ. ಒಂದು ದಿನ ಕೆರೆಯ ದೇವತೆ ಕಾಣಿಸಿಕೊಂಡು ಏರಿ ಒಡೆಯುತ್ತೇನೆ ಎನ್ನುತ್ತಾಳೆ. ದೊರೆಗೆ ತಿಳಿಸಿ ಬರುತ್ತೇನೆ, ನಾನು ಹಿಂತಿರುಗುವವರೆಗೆ ಒಡೆಯಬೇಡ ಎಂದು ಅವನು ಮಾತು ತೆಗೆದುಕೊಂಡು ಸಖರಾಯಪಟ್ಟಣಕ್ಕೆ ಓಡುತ್ತಾನೆ. ವಿಷಯ ಕೇಳಿದ ದೊರೆ ಅವನನ್ನೇ ಕೊಲ್ಲಿಸುತ್ತಾನೆ. ಹೋದವನು ಹಿಂತಿರುಗಲಿಲ್ಲ, ದೇವತೆ ಮಾತಿಗೆ ಕಟ್ಟುಬಿದ್ದಳು, ಏರಿ ನಿಂತಿತು. ಇಂಥ ಕಥೆಗಳು ಚರಿತ್ರೆಯಲ್ಲ, ನಾಡಿನ ಹತ್ತು ಕೆರೆಗಳ ಮೇಲೆ ಇದೇ ಕಥೆ ಇದೆ ಎನ್ನುವವರು ಹೇಳುವುದು ಸರಿ. ಹೊನ್ನಬಿಲ್ಲ ಎಂಬವನು ಇದ್ದನೇ ಎಂಬುದನ್ನು ಕಥೆಯಿಂದ ಸಾಧಿಸಲಾಗದು. ಆದರೆ ಕಥೆ ಯಾರ ಹೆಸರನ್ನು ನೆನಪಿಟ್ಟಿದೆ ನೋಡಿ. ದೊರೆಯ ಬುದ್ಧಿವಂತಿಕೆಯನ್ನು ಅದು ಹೊಗಳಬಹುದಿತ್ತು, ಹೊಗಳಿಲ್ಲ. ತೂಬಿನ ಕೀಲಿ ಯಾರ ಕೈಯಲ್ಲಿತ್ತೋ ಅವನ ಹೆಸರನ್ನು ಕೆರೆಗೆ ಕಟ್ಟಿದೆ. ಕೆರೆಯ ಕೆಳಗೆ ಬದುಕಿದ ಜನರಿಗೆ ರಾಜ್ಯ ಎಂದರೆ ನೀರುಗಂಟಿ. ಆಡಳಿತದ ಮೆಟ್ಟಿಲುಗಳಲ್ಲಿ ಕೊನೆಯವನು ಸತ್ತರೆ ಮಾತ್ರ ಮೇಲಿನವರ ಜಮೆ ಉಳಿಯುತ್ತದೆ ಎಂಬುದನ್ನು ಆ ಜನ ಕಣ್ಣಾರೆ ಕಂಡು ಕಥೆ ಮಾಡಿರಬೇಕು. ಶಾಸನಗಳು ಕೊಟ್ಟವರ ಹೆಸರು ಹೇಳುತ್ತವೆ, ದುಡಿದವರ ಹೆಸರು ಹೇಳುವುದು ಕಡಿಮೆ. ಆ ಕೊರತೆಯನ್ನು ಜನಪದ ತುಂಬಿಕೊಟ್ಟಾಗ ಅದನ್ನು ಬೇರೆ ಬಗೆಯ ದಾಖಲೆ ಎಂದು ಎತ್ತಿಟ್ಟುಕೊಳ್ಳುವುದೇ ವಿವೇಕ. ಮದಗದ ಕೆರೆಯ ಹೆಸರಿನಲ್ಲಿ ಮಳೆಯ ಹಾಡು ಹುಟ್ಟಿ ಕನ್ನಡ ನಾಡನ್ನೆಲ್ಲ ಸುತ್ತಿದೆ. ಹಾವೇರಿ ಕಡೆಯ ಮದಗದವರೂ ಅದು ತಮ್ಮದೆನ್ನುತ್ತಾರೆ, ಆ ಜಗಳ ಇಲ್ಲಿ ತೀರುವಂಥದ್ದಲ್ಲ. ಹಾಗೆಯೇ ಸಖರಾಯಪಟ್ಟಣದ ಕಡೆಯ ದೇವನೂರಿನ ಲಕ್ಷ್ಮೀಶನನ್ನೂ ನೆನೆಯಬೇಕು. ಜನ್ನ ಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ. ಲಕ್ಷ್ಮೀಶ 'ಜೈಮಿನಿ ಭಾರತ'ವನ್ನು ಅರ್ಪಿಸಿದ್ದು ತನ್ನ ಊರಿನ ಲಕ್ಷ್ಮೀಕಾಂತನಿಗೆ, ಯಾವ ಅರಸನಿಗೂ ಅಲ್ಲ. ಗಮಕಿಗಳ ಬಾಯಲ್ಲಿ ಹಳ್ಳಿಹಳ್ಳಿ ತಲುಪಿದ್ದು ಅವನ ಕಾವ್ಯ.

ಜಮೆಯ ಎರಡನೆಯ ಬಾಬತ್ತು ಹುಲ್ಲು, ಮತ್ತು ಅದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ತುರು ಕದ್ದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವರ ವೀರಗಲ್ಲುಗಳು ಕನ್ನಡ ನಾಡಿನ ಎಲ್ಲ ಕಡೆ ಇವೆ. ದನವೇ ಧನವಾಗಿದ್ದ ಕಾಲ ಅದು, ಕಡೂರಿನ ಬಯಲು ಈ ಮಾತಿನಲ್ಲಿ ಬೇರೆಯೇನಲ್ಲ. ಬೇರೆಯಾದದ್ದು ಮೈಸೂರು ಅರಸರ ಕಾಲದಲ್ಲಿ. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಸುಗಳ ಇಲಾಖೆಯನ್ನು ಬೆಣ್ಣೆ ಚಾವಡಿ ಎಂದು ಕರೆದು ಅದಕ್ಕೆ ಕಾವಲುಗಳನ್ನು ಬಿಟ್ಟರು. ಹೈದರಾಲಿ ಅದನ್ನು ದಂಡಿನ ಅಂಗವಾಗಿ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ಕಟ್ಟುಕಟ್ಟಳೆ ಮಾಡಿದ. ಅಮೃತಾಪುರಕ್ಕೂ ಅಮೃತಮಹಲಿಗೂ ಹೆಸರಿನ ನಂಟು ಹುಡುಕುವವರಿದ್ದರೆ ಅದು ಬೇಡ. ಒಂದು ದಂಡನಾಯಕನ ಹೆಸರು, ಇನ್ನೊಂದು ಹಾಲು ಬೆಣ್ಣೆಯ ಇಲಾಖೆಗೆ ಕೊಟ್ಟ ಸಿಹಿಯಾದ ಹೆಸರು, ನಡುವೆ 600 ವರ್ಷ. ನಂಟಿರುವುದು ನೆಲದಲ್ಲಿ. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಮಂದೆ ಕಾಲಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಬೇಸಿಗೆಯ ಕಾವಲುಗಳೇ ಎಲ್ಲಕ್ಕಿಂತ ಬೆಲೆಯುಳ್ಳವು, ಅವು ಹೆಚ್ಚಾಗಿ ಕೆರೆಯಂಗಳಗಳು. ನೀರು ಇಳಿದ ಮೇಲೆ ಅಲ್ಲಿ ಹಸಿ ಹುಲ್ಲು, ಕುಡಿಯಲು ಮಡು, ಏರಿಯ ಮರಗಳ ನೆರಳು. ಹೊಯ್ಸಳರ ಕಾಲದ ಕೆರೆಗೂ ಟಿಪ್ಪುವಿನ ತೋಪನ್ನು ಎಳೆದ ಎತ್ತಿಗೂ ಗಂಟು ಬೀಳುವುದು ಇಲ್ಲಿ, ಈ ಕೆರೆಯಂಗಳದ ಹುಲ್ಲಿನಲ್ಲಿ.

ಆ ಎತ್ತನ್ನು ಹತ್ತಿರದಿಂದ ನೋಡಿದವರಿಗೆ ಇದು ಬರಿಯ ಹೊಗಳಿಕೆ ಅಲ್ಲವೆಂದು ಗೊತ್ತು. ಬೂದು ಬಣ್ಣ, ಬಿಗಿದ ಸಣ್ಣ ಮೈ, ಹಣೆಯ ಮೇಲಿಂದ ಹತ್ತಿರ ಹತ್ತಿರವಾಗಿ ಹೊರಟು ಹಿಂದಕ್ಕೆ ಬಾಗಿ ಮೇಲೆದ್ದು ಚೂಪಾಗುವ ಉದ್ದನೆಯ ಕೋಡು, ಹೊಸಬರನ್ನು ಹತ್ತಿರ ಸೇರಿಸದ ಕಣ್ಣು. ಹಾಲಿಗೆ ಇದು ಹೆಸರಾದ ತಳಿಯಲ್ಲ, ನಡಿಗೆಗೆ ಹೆಸರಾದದ್ದು. ಹೈದರ್ ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು, ಟಿಪ್ಪು ಬಿದನೂರನ್ನು ಹಿಂತಿರುಗಿ ಪಡೆಯಲು ಒಂದು ತಿಂಗಳಲ್ಲಿ ಇಡೀ ದಕ್ಷಿಣ ನಾಡನ್ನು ಅಡ್ಡಹಾಯ್ದದ್ದು, ಜನರಲ್ ಮೆಡೋಸ್‌ನ ಎದುರು ಎರಡು ದಿನದಲ್ಲಿ 63 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಅವರ ಶತ್ರುಗಳಾದ ಬ್ರಿಟಿಷರೇ ಬರೆದಿಟ್ಟರು. ಕಾವಲುಗಳ ಒಟ್ಟು ನೆಲ ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಮಿಕ್ಕಿತ್ತು, ಮೈಸೂರು ಸೀಮೆಯ ಹಲವು ಜಿಲ್ಲೆಗಳಲ್ಲಿ ಹರಡಿತ್ತು. ಅದರಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಪಾಲು ಇಂದಿಗೂ ಕಣ್ಣಿಗೆ ಕಾಣುವಷ್ಟು ಉಳಿದಿದೆ.

ಇದನ್ನು ಜಮೆ ಎನ್ನುವುದು ಹೇಗೆ, ದಂಡಿನ ದನಕ್ಕೆ ಹುಲ್ಲುಗಾವಲು ಬಿಟ್ಟದ್ದು ಖರ್ಚಲ್ಲವೇ ಎಂಬ ಪ್ರಶ್ನೆಗೆ ಬ್ರಿಟಿಷ್ ಆಡಳಿತವೇ ತನ್ನ ಕೈಸುಟ್ಟುಕೊಂಡು ಉತ್ತರ ಕೊಟ್ಟಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆಯನ್ನು ಮೈಸೂರು ಅರಮನೆಗೆ ಒಪ್ಪಿಸಿದರು. ಮಂದೆ ಸೊರಗಿತು, 1813ರಲ್ಲಿ ಕಂಪನಿ ಅದನ್ನು ತಿರುಗಿ ತನ್ನ ಕೈಗೆ ತೆಗೆದುಕೊಂಡಿತು. 1860ರಲ್ಲಿ ಇದೇ ಪ್ರಶ್ನೆ ಎದ್ದಿತು: ಇಷ್ಟು ಖರ್ಚು ಏಕೆ? ಮಿತವ್ಯಯದ ಹೆಸರಿನಲ್ಲಿ ಇಲಾಖೆ ಮುಚ್ಚಿ ದನಗಳನ್ನು ಹರಾಜು ಹಾಕಿದರು. ಆರೇ ವರ್ಷ. ತೋಪು ಎಳೆಯುವ ಎತ್ತು ಬೇಕೆಂದಾಗ ಸಿಗದೆ, ಚದುರಿದ್ದನ್ನು ಹುಡುಕಿ ತಂದು 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. 1880ರ ದಶಕದಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು, ಮುಂದೆ ಅಜ್ಜಂಪುರ ಅದರ ಮುಖ್ಯ ನೆಲೆಯಾಯಿತು. ಮಾರಿದ್ದನ್ನೇ ಮರಳಿ ಕೂಡಿಸಬೇಕಾಗಿ ಬಂದದ್ದಕ್ಕಿಂತ ಗಟ್ಟಿಯಾದ ಸಾಕ್ಷಿ ಯಾವ ಲೆಕ್ಕದ ಪುಸ್ತಕದಲ್ಲೂ ಸಿಗದು. ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಕಾವಲಿನ ಹುಲ್ಲು ಸರ್ಕಾರದ ಮಂದೆಗೆ ಮೀಸಲು ಎಂದರೆ ಪಕ್ಕದ ಹಳ್ಳಿಯ ಬಡ ದನಗಾಹಿಗೆ ಬೇಲಿ. ಹೊನ್ನಬಿಲ್ಲನ ಕಥೆಯಲ್ಲಿ ಕಂಡದ್ದೇ ಇಲ್ಲೂ ಇದೆ. ಜಮೆ ಮೇಲಕ್ಕೆ ಹೋಗುವಾಗ ಕೆಳಗಿನವರ ಪಾಲನ್ನು ಸವರಿಕೊಂಡೇ ಹೋಗುತ್ತದೆ. ಹೀಗೆ ಪಾಲು ಕಳೆದುಕೊಂಡವರ ಸಿಟ್ಟು 1830ರಲ್ಲೇ ಒಮ್ಮೆ ಕಟ್ಟೆಯೊಡೆದಿತ್ತು. ಕಂದಾಯವನ್ನು ಗುತ್ತಿಗೆ ಹಿಡಿದವರ ಸುಲಿಗೆ ತಾಳಲಾರದೆ ನಗರ (ಬಿದನೂರು) ಸೀಮೆಯ ರೈತರು ಕೂಟ ಕಟ್ಟಿ ದಂಗೆಯೆದ್ದರು. ತರೀಕೆರೆಯ ಪಾಳೆಯಗಾರ ಸರ್ಜಾ ಹನುಮಪ್ಪ ನಾಯಕನೂ ಅವರ ಜೊತೆ ನಿಂತ. ಆ ದಂಗೆಯನ್ನೇ ಮುಂದುಮಾಡಿ ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡರು, ಮೈಸೂರು ಅದನ್ನು ಹಿಂತಿರುಗಿ ಪಡೆಯಲು 50 ವರ್ಷ ಬೇಕಾಯಿತು. ಬಡವಾದ ಮೂಲೆಯೊಂದು ರಾಜ್ಯದ ಹಣೆಬರಹವನ್ನು ಹೀಗೆ ಬದಲಿಸಲಾರದು.

ಹಾಗಾದರೆ ಈ ಬಯಲು ಮರೆತುಹೋದದ್ದು ಏಕೆ? ಒಂದು ಹೆಸರಿನ ಕಥೆ ಇದಕ್ಕೆ ಸುಳಿವು ಕೊಡುತ್ತದೆ. ಈಗ ನಾವು ಚಿಕ್ಕಮಗಳೂರು ಜಿಲ್ಲೆ ಎನ್ನುವುದು 1863ರಲ್ಲಿ ಹುಟ್ಟಿದಾಗ ಅದರ ಹೆಸರು ಕಡೂರು ಜಿಲ್ಲೆ, ಕಚೇರಿ ಇದ್ದದ್ದೂ ಕಡೂರಿನಲ್ಲಿ. ಎರಡೇ ವರ್ಷದಲ್ಲಿ ಕಚೇರಿ ಚಿಕ್ಕಮಗಳೂರಿಗೆ ಹೋಯಿತು. ಹೆಸರು ಮಾತ್ರ 1947ರವರೆಗೆ ಕಡೂರಿನದ್ದೇ ಉಳಿಯಿತು. 1901ರಲ್ಲಿ ಬಿ.ಎಲ್. ರೈಸ್ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕದ 6ನೇ ಸಂಪುಟವೂ ಕಡೂರು ಜಿಲ್ಲೆಯ ಶಾಸನಗಳು ಎಂದೇ ಹೆಸರಾಗಿದೆ. ಕಚೇರಿ ಬೆಟ್ಟದ ಮಗ್ಗುಲಿಗೆ ಸರಿದ ಆ ಕಾಲ ಬಾಬಾಬುಡನ್ ಬೆಟ್ಟಗಳಲ್ಲಿ ಕಾಫಿ ತೋಟಗಳು ಹಬ್ಬುತ್ತಿದ್ದ ಕಾಲ. ಕಾರಣ ಕಾಫಿ ಒಂದೇ ಎಂದು ನಾನು ಹೇಳುತ್ತಿಲ್ಲ. ಹಣ ಬೆಟ್ಟ ಹತ್ತಿದ ಮೇಲೆ ಕಣ್ಣೂ ಬೆಟ್ಟ ಹತ್ತಿತು ಎಂಬುದಂತೂ ಸ್ಪಷ್ಟ. ಹಿಂದೆ ದವಸಕ್ಕೂ ದನಕ್ಕೂ ನೀರಿಗೂ ಬಯಲನ್ನು ನೋಡುತ್ತಿದ್ದ ಸರ್ಕಾರ ಇನ್ನು ಮುಂದೆ ಅದನ್ನು ಬೆಟ್ಟಕ್ಕೆ ಹೋಗುವ ದಾರಿಯಾಗಿ ನೋಡಿತು. ನಾವು ಇಂದು ಬಸ್ಸಿನ ಕಿಟಕಿಯಿಂದ ನೋಡುವ ನೋಟ ಆ ಹೊತ್ತಿನಲ್ಲಿ ತಿರುಗಿದ ನೋಟವೇ.

ಆದ್ದರಿಂದ ಈ ಸೀಮೆಯನ್ನು ನೋಡಹೊರಟವರು ಪಂಚನಹಳ್ಳಿಯ ಕಡೆಯಿಂದ, ಮೂಡಣದಿಂದ ಪಡುವಣಕ್ಕೆ ಸಾಗುವುದು ಒಳ್ಳೆಯದು. ಒಣ ಬಯಲಿನಿಂದ ಹೊರಟು ನೀರಿನ ಮೂಲದ ಕಡೆಗೆ ನಡೆದಾಗ ಪ್ರತಿ ಊರೂ ಏಕೆ ಅಲ್ಲಿದೆ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಕಡೂರಿನ ಕಂಬ, ಸಖರಾಯಪಟ್ಟಣದ ಏರಿ, ಆಸಂದಿಯ ಹಳೆಯ ಗುಡಿಗಳು, ಅಜ್ಜಂಪುರದ ಕೊಟ್ಟಿಗೆ, ಕೊನೆಗೆ ಭದ್ರೆಯ ಬದಿಯ ಅಮೃತಾಪುರ. ದಾರಿಯಲ್ಲಿ ಬಾಸೂರಿನ ಅಮೃತಮಹಲ್ ಕಾವಲು ಸಿಗುತ್ತದೆ. 736 ಹೆಕ್ಟೇರಿನ ಆ ಹುಲ್ಲುಗಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದರು, ಅಲ್ಲಿ ಕೃಷ್ಣಮೃಗಗಳಿವೆ, ತೋಳಗಳಿವೆ. ಹುಲ್ಲುಗಾವಲನ್ನು ನಮ್ಮ ಕಂದಾಯದ ಭಾಷೆ ಬಹುಕಾಲ ಪಾಳು ಎಂದೇ ಬರೆಯಿತು. ಆ ಒಂದು ಪದದ ಅಡಿಯಲ್ಲಿ ಎಷ್ಟೋ ಕಾವಲು ಕರಗಿಹೋಯಿತು. ಬಾಸೂರಿನಲ್ಲಿ ಉಳಿದಿರುವುದು ದಂಡನಾಯಕರ ಕುದುರೆಗಳೂ ಟಿಪ್ಪುವಿನ ಎತ್ತುಗಳೂ ಮೇಯ್ದ ಬಗೆಯ ಹುಲ್ಲೇ. ಮೊದಲ ಮಳೆಗೆ ಚಿಗುರುತ್ತದೆ, ಕಾರ್ತೀಕದ ಹೊತ್ತಿಗೆ ಮೊಣಕಾಲುದ್ದ ನಿಂತು ಹೊಂಬಣ್ಣಕ್ಕೆ ತಿರುಗುತ್ತದೆ. ಅದರ ನಡುವೆ ಕೃಷ್ಣಮೃಗದ ಗಂಡು ತಲೆ ಎತ್ತಿದಾಗ ಮೊದಲು ಕಾಣುವುದು ತಿರುಚಿದ ಕೋಡಿನ ಜೋಡಿ.